ಒಂಟಿತನ ಸರಿ, ಏಲಿಯನೇಶನ್‌ಗೆ ಏನನ್ನೋಣ?

ಗೆಳೆಯರೇ,

ಜರ್ಮನ್ ಭಾಷೆಯಲ್ಲಿ ಬರೆದ ಲೇಖಕ ಕಾಫ್ಕಾನ ‘ಮೆಟಮಾರ್ಫಸಿಸ್’ ಕತೆಯ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಕನ್ನಡ ಮಾಡಬೇಕಾದ ಎರಡು ಪದಗಳ ಹತ್ತಿರ ಬಂದು ಪೆನ್ನು ನಿಂತುಬಿಟ್ಟಿದೆ: ಐಸೊಲೇಶನ್ (ಒಬ್ಬರೇ ಉಳಿಯುವುದು), ಏಲಿಯನೇಶನ್ (ತನ್ನದಾಗಿದ್ದದ್ದೇ ತನಗೆ ಬೇರೆಯದಾಗುವುದು). ನವ್ಯ ಸಾಹಿತ್ಯದ ಮಾತು ಬಂದಾಗಲೆಲ್ಲ ಇವು ಜೋಡಿಯಾಗಿಯೇ ಬರುತ್ತವೆ. ಎಷ್ಟೋ ಸಲ ನಾವು ಎರಡನ್ನೂ ‘ಒಂಟಿತನ’ ಅಂದುಬಿಡುತ್ತೇವೆ. ಇಲ್ಲವೇ ‘ಏಕಾಕಿತನ ಮತ್ತು ಪರಕೀಯತೆ’ ಅಂತ ಬರೆದು ಮುಂದೆ ಹೋಗುತ್ತೇವೆ. ತಪ್ಪೇನಲ್ಲ. ಆದರೆ ಓದುವಾಗ ಅದು ಎಲ್ಲೂ ತಾಗುವುದಿಲ್ಲ, ಅಲ್ವಾ?

ಮೊದಲನೆಯದು ಸುಲಭ. ಜೊತೆಗೆ ಯಾರೂ ಇಲ್ಲದಿದ್ದರೆ ಒಬ್ಬಂಟಿತನ. ಯಾರೂ ಇಲ್ಲ ಅಂತ ಒಳಗೆ ಕೊರೆಯುತ್ತಿದ್ದರೆ ಒಂಟಿತನ. ತಾನಾಗಿ ಬಯಸಿ ಪಡೆದರೆ ಏಕಾಂತ, ಅದು ಇಲ್ಲಿ ಬೇಡ.

ತೊಡಕಿರುವುದು ಎರಡನೆಯದರಲ್ಲಿ. 1915ರಲ್ಲಿ ಅಚ್ಚಾದ ಈ ಕತೆಯಲ್ಲಿ ಗ್ರೆಗರ್ ಸಾಮ್ಸ ಬೆಳಗ್ಗೆ ಕಣ್ಣು ಬಿಟ್ಟಾಗ ದೊಡ್ಡ ಹುಳುವಾಗಿರುತ್ತಾನೆ. ಕೋಣೆಯ ಬಾಗಿಲುಗಳಿಗೆಲ್ಲ ಒಳಗಿನಿಂದ ಬೀಗ. ಊರೂರು ತಿರುಗುವ ಕೆಲಸದಲ್ಲಿ ಅಂಟಿದ ಅಭ್ಯಾಸ ಅದು. ಇಷ್ಟನ್ನು ಐಸೊಲೇಶನ್ ಅನ್ನಬಹುದು. ಆದರೆ ಆಚೆ ಅಪ್ಪ, ಅಮ್ಮ, ತಂಗಿ ಒಬ್ಬೊಬ್ಬರೂ ಒಂದೊಂದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ. ಅವನು ಓಗೊಡುತ್ತಾನೆ. ತನ್ನ ದನಿಯೊಳಗೆ ಒಂದು ಕೀಚಲು ಸೇರಿಕೊಂಡಿರುವುದು ಅವನಿಗೇ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ, ವಿಚಾರಿಸಲು ಬಂದ ಆಫೀಸಿನ ಹಿರಿಯ ಗುಮಾಸ್ತ ಅದು ಪ್ರಾಣಿಯ ದನಿ ಅನ್ನುತ್ತಾನೆ. ಗ್ರೆಗರನ ಕಿವಿಗೆ ಮಾತ್ರ ತನ್ನ ಮಾತು ಮೊದಲಿಗಿಂತ ಸ್ಪಷ್ಟವಾಗಿದೆ ಅನ್ನಿಸಿರುತ್ತದೆ. ಈ ಜಾಗ ಓದುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಯಾರೂ ಅವನನ್ನು ಬಿಟ್ಟುಹೋಗಿಲ್ಲ. ಸುತ್ತ ಜನ ಇದ್ದಾರೆ. ತನ್ನದಾಗಿದ್ದ ದನಿಯೇ ತನ್ನದಲ್ಲವಾಗಿದೆ. ಇದಕ್ಕೆ ಒಂಟಿತನ ಅಂದರೆ ಸಾಲದು.

ಕೊನೆಯ ಭಾಗದಲ್ಲಿ ತಂಗಿ ಅಣ್ಣನ ಹೆಸರೆತ್ತಲೂ ಒಪ್ಪದೆ ‘ಅದು’ ಅನ್ನುತ್ತಾಳೆ. ಕನ್ನಡದಲ್ಲಿ ಇದು ಇನ್ನೂ ಜಾಸ್ತಿ ಚುಚ್ಚುತ್ತದೆ. ನಮ್ಮಲ್ಲಿ ಕ್ರಿಯಾಪದವೂ ಜೊತೆಗೆ ಬದಲಾಗುತ್ತದೆ ನೋಡಿ. ‘ಬಂದ’ ಹೋಗಿ ‘ಬಂತು’ ಆಗುತ್ತದೆ.

ಏಲಿಯನೇಶನ್ ಪದದ ಬೇರಿಗೆ ಹೋದರೆ ಲ್ಯಾಟಿನ್ನಿನ ‘ಏಲಿಯೆನಸ್’ ಸಿಗುತ್ತದೆ: ಬೇರೆಯವರಿಗೆ ಸೇರಿದ್ದು. ಆಸ್ತಿ ಬೇರೆಯವರ ಹೆಸರಿಗೆ ಹೋಗುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ನಮ್ಮ ಜಮೀನಿನ ಕಾಗದಪತ್ರಗಳಲ್ಲಿ ಅದು ‘ಪರಭಾರೆ’. ಚಿಂತಕ ಕಾರ್ಲ್ ಮಾರ್ಕ್ಸ್ 1844ರ ಹಸ್ತಪ್ರತಿಗಳಲ್ಲಿ ಹೇಳುವುದೂ ಇದರ ಹತ್ತಿರವೇ ಇದೆ. ದುಡಿದವನು ಮಾಡಿದ ವಸ್ತು ಅವನದಾಗಿ ಉಳಿಯದೆ, ಬೇರೆಯದಾಗಿ ಅವನ ಎದುರೇ ನಿಲ್ಲುತ್ತದೆ. ಗ್ರೆಗರ್ ದುಡಿಯುತ್ತಿದ್ದುದೂ ಅಪ್ಪ ಅಮ್ಮನ ಸಾಲ ತೀರಿಸಲು. ಆ ಸಾಲ ಇದ್ದದ್ದು ಅವನ ಧಣಿಗೇ. ಹೀಗೆ ನೋಡಿದರೆ ‘ಪರಭಾರೆ’ಯಲ್ಲಿ ನಮಗೆ ಬೇಕಾದ ಚಲನೆ ಇದೆ: ತನ್ನದು ಕೈತಪ್ಪಿ ಪರರದಾಗುವುದು. ‘ಪರಕೀಯತೆ’ಯಲ್ಲಿ ಅದು ಕಾಣುವುದಿಲ್ಲ. ಮೊದಲಿಂದಲೂ ಹೊರಗಿನವನಾಗಿದ್ದವನಿಗೂ ಆ ಪದ ಹೊಂದುತ್ತದೆ. ಹಾಗಂತ ಕತೆಯ ಬಗ್ಗೆ ಬರೆಯುವಾಗ ‘ಪರಭಾರೆ’ ತಂದರೆ ಓದುವವರಿಗೆ ಪತ್ರ, ಮುದ್ರೆ, ರುಜು ನೆನಪಾಗುತ್ತವೆ.

ಬೇರೆ ಪದಗಳನ್ನೂ ತಿರುವಿ ನೋಡಿದೆ. ‘ಪರದೇಶಿ’ ಆಡುಮಾತಿನಲ್ಲಿ ದಿಕ್ಕಿಲ್ಲದವನು, ಕನಿಕರ ಜಾಸ್ತಿಯಾಯಿತು. ‘ಅನಾಥಪ್ರಜ್ಞೆ’ಯೂ ಹೊಂದುವುದಿಲ್ಲ, ಅಪ್ಪ ಅಮ್ಮ ಪಕ್ಕದ ಕೋಣೆಯಲ್ಲೇ ಇದ್ದಾರೆ. ‘ಪರವಾಗು’ ಅಂದರೆ ಯಾರದೋ ಪರ ವಹಿಸಿದ ಹಾಗೆ ಕೇಳಿಸುತ್ತದೆ. ‘ಬೇರೆಯಾಗು’ ಅಂದರೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ.

ಈಗ ನನ್ನ ಮನಸ್ಸು ‘ಹೊರತಾಗು’ ಕಡೆಗೆ ವಾಲಿದೆ. ಅದರಲ್ಲಿ ಮೊದಲು ಒಳಗಿದ್ದ ಸುಳಿವಿದೆ. ನಾಮಪದವೇ ಕಷ್ಟ. ‘ಹೊರತಾಗುವಿಕೆ’ ನಾಲಿಗೆಗೆ ಭಾರ. ‘ಹೊರತನ’ ಅಂದರೆ ವಿವರಣೆ ಇಲ್ಲದೆ ನಿಮಗೆ ಅರ್ಥವಾಗುತ್ತದಾ? ನಿಮ್ಮ ಕಡೆ ಮಾತಿನಲ್ಲಿ ‘ತನಗೆ ತಾನೇ ಹೊರತಾದ’ ಅನ್ನುವ ಬಳಕೆ ಏನಾದರೂ ಇದೆಯಾ?

‘ಗ್ರೆಗರ್ ತನ್ನ ದನಿಗೇ ಹೊರತಾದ.’ ದಯವಿಟ್ಟು ಈ ಸಾಲನ್ನು ಒಮ್ಮೆ ಜೋರಾಗಿ ಓದಿ, ಕಿವಿಗೆ ಹೇಗೆ ಕೇಳಿಸಿತು ಅಂತ ಬರೆಯಿರಿ.