ಬಿಯರ್ ಕುದಿಸೋ ಅಲ್ಯುಮಿನಿಯಂ ತಪ್ಪಲೆ ಒಳಗೆ ಕಪ್ಪಾಗಿದೆ, ತಿಕ್ಕಬೇಕಾ?

ಕಾರವಾರದಿಂದ ಕೇಳ್ತಾ ಇದೀನಿ. ನಮ್ಮಣ್ಣ ಇರೋದು ಅಮೇರಿಕಾದಲ್ಲಿ, ಅಲ್ಲಿ ಮನೆಬಳಕೆಗೆ ಬಿಯರ್ ಮಾಡ್ಕೊಳ್ಳೋಕೆ ಕಾನೂನಲ್ಲೇ ಅವಕಾಶ ಇದೆ, ಅದಕ್ಕಂತ 30 ಲೀಟರಿಂದು ಹೊಸ ಅಲ್ಯುಮಿನಿಯಂ ತಪ್ಪಲೆ ತಂದಿದಾನೆ. ಮೊದ್ಲು ಬರೀ ನೀರು ಕುದಿಸಿ ನೋಡಿದ್ದಕ್ಕೆ ಒಳಗೆಲ್ಲ ಕಪ್ಪು. ವಿಡಿಯೋ ಕಾಲಲ್ಲಿ ನೋಡಿ ನಮ್ಮ ಆಯಿ ಹುಣಸೆಹಣ್ಣು ಹಾಕಿ ತಿಕ್ಕು, ಬೆಳ್ಳಗಾಗ್ತದೆ ಅಂದ್ಲು. ತಿಕ್ಕಬೇಕಾ? ಅಲ್ಯುಮಿನಿಯಂ ಬಿಯರಿಗೆ ಇಳೀತದಾ?

ಶಿರಸಿಯವ:
ತಿಕ್ಕೋದೇ ಬೇಡ ಅಂತ ಹೇಳಿ ಮಾರಾಯ್ರೆ! ಆ ಕಪ್ಪು ಕೊಳೆ ಅಲ್ಲ, ಆಕ್ಸೈಡ್ ಪದರ, ಅದೇ ತಪ್ಪಲೆಗೆ ರಕ್ಷಣೆ. ಹೊಸ ತಪ್ಪಲೇನ ಮೆತ್ತಗಿನ ಸೋಪಲ್ಲಿ ತೊಳ್ದು ಎಣ್ಣೆ ಜಿಡ್ಡು ತೆಗ್ದು, ಮುಂದೆ ಬಿಯರ್ ಎಷ್ಟು ಮಟ್ಟ ಬರ್ತದೋ ಅದಕ್ಕಿಂತ ಮೇಲೆ ನೀರು ತುಂಬಿ ಅರ್ಧದಿಂದ ಒಂದು ತಾಸು ಕುದಿಸ್ಬೇಕು, ನಿಮ್ಮಣ್ಣ ಗೊತ್ತಿಲ್ದೇನೇ ಸರಿ ಕೆಲ್ಸ ಮಾಡಿದಾರೆ. ಹುಣಸೆಹುಳಿ, ಸ್ಟೀಲ್ ನಾರು ಎರಡೂ ಆ ಪದರ ಕಿತ್ತು ಹಾಕ್ತವೆ. ಕಾಸ್ಟಿಕ್ ಸೋಡಾ ಅಂತೂ ಲೋಹನೇ ತಿಂತದೆ, ಬ್ರೂಯಿಂಗಿಗೆ ಮಾರೋ ಆಕ್ಸಿಜನ್ ಬಿಡೋ ಕ್ಷಾರದ ಪುಡಿಗಳೂ ಬೇಡ. ಕುದಿಸಿ ಆದ್ಮೇಲೆ ಮೆತ್ತಗಿನ ಸ್ಪಂಜಲ್ಲಿ ತೊಳ್ದು ಒಣಗಿಸಿದ್ರೆ ಸಾಕು.

ಕುಮಟಾದಿಂದ:
ಇಳಿಯೋ ವಿಷ್ಯ ಹೇಳ್ತೆ. ಬಿಯರಿಗೆ ಕುದಿಸೋ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೀರಿನ ಪಿಎಚ್, ಅಂದ್ರೆ ಹುಳಿ ಅಳತೆ, 5.2ರಿಂದ 5.6ರ ಆಸುಪಾಸು, ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ, ಒಂದು ತಾಸು ಕುದಿಸಿದ್ರೆ ಪದರಕ್ಕೆ ಏನೂ ಆಗಲ್ಲ. ಆದ್ರೆ ಹುದುಗು ಬಂದ್ಮೇಲೆ ಬಿಯರಿನ ಪಿಎಚ್ 4-4.5ಕ್ಕೆ ಇಳೀತದೆ, ಅದು ವಾರಗಟ್ಟಲೆ ಕೂರಬೇಕಲ್ಲ, ಹಾಗಾಗಿ ಹುದುಗು ಬರಿಸೋಕೆ ಅಲ್ಯುಮಿನಿಯಂ ಬೇಡ, ಸ್ಟೀಲ್ ಇಲ್ಲಾ ಫುಡ್ ಗ್ರೇಡ್ ಬಕೆಟ್ ಇರ್ಲಿ. ಹುಳಿ ಇರೋ ಮುರುಗಲು (ಪುನರ್ಪುಳಿ) ಕಡಿನ ನಮ್ಮನೇಲಿ ಅಲ್ಯುಮಿನಿಯಂ ಪಾತ್ರೇಲಿ ಇಡೋದಿಲ್ಲ, ಅದೇ ಲೆಕ್ಕ. ಮರೆವಿನ ಕಾಯಿಲೆ ಬರ್ತದೆ ಅಂತ ಯಾರಾದ್ರೂ ಹೆದರಿಸಿದ್ರೆ, ಪಾತ್ರೆಯಿಂದ ಬರ್ತದೆ ಅಂತ ಇದುವರೆಗೆ ಸಾಬೀತಾಗಿಲ್ಲ.

ಅಂದಹಾಗೆ ಇದನ್ನೋದಿ ಊರಲ್ಲೇ ಶುರು ಮಾಡೋರಿದ್ರೆ, ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಮಾಡೋ ಹಾಗಿಲ್ಲ.

ಕೇಳಿದವ:
ತುಂಬಾ ಉಪಕಾರ ಆಯ್ತು. ಅಣ್ಣಂಗೆ ಈಗ್ಲೇ ಮೆಸೇಜ್ ಹಾಕ್ದೆ, ಪುಣ್ಯಕ್ಕೆ ಇನ್ನೂ ತಿಕ್ಕಿಲ್ವಂತೆ. ಅವನ ಹತ್ರ ಇಂಡಕ್ಷನ್ ಒಲೆ ಇದೆ, ನಡೀತದಾ?

ಶಿರಸಿಯವ:
ಬರೀ ಅಲ್ಯುಮಿನಿಯಂ ಇಂಡಕ್ಷನ್ ಮೇಲೆ ಕಾಯೋದಿಲ್ಲ. ಅಷ್ಟು ದೊಡ್ಡ ತಪ್ಪಲೆಗೆ ಗ್ಯಾಸ್ ಬರ್ನರೇ ಬೇಕು, ಹೊರಗಡೆ ಗಾಳಿ ಆಡೋ ಕಡೆ ಇಟ್ಕೊಳ್ಳಿ. ಅಲ್ಯುಮಿನಿಯಂ ಸ್ಟೀಲಿಗಿಂತ ಬೇಗ ಕಾಯ್ತದೆ, ಮೊದಲ ನೊರೆ ಉಕ್ಕೋವಾಗ ಹತ್ರಾನೇ ನಿಂತ್ಕೊಳ್ಳೋಕೆ ಹೇಳಿ.