ಸಣ್ಣ ಫ್ಯಾಕ್ಟರಿಗೆ ರ‍್ಯಾನ್ಸಮ್‌ವೇರ್ ಕಾಟ: ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಪೀಣ್ಯ_ಐಟಿ: ನಮ್ಮದು ಪೀಣ್ಯದಲ್ಲಿ ಮೆಷಿನ್ ಪಾರ್ಟ್ಸ್ ಕಂಪನಿ, ಐಟಿ ಅಂದ್ರೆ ನಾನೊಬ್ಬನೇ. ಅಕೌಂಟ್ಸು, ಡ್ರಾಯಿಂಗು ಎಲ್ಲ ಒಂದೇ ಸರ್ವರ್‌ನಲ್ಲಿದೆ, ರಾತ್ರಿ ಪಕ್ಕದಲ್ಲಿರುವ ಸ್ಟೋರೇಜ್ ಬಾಕ್ಸ್‌ಗೆ ಬ್ಯಾಕಪ್ ಹೋಗುತ್ತದೆ. "ನಮ್ಮಂಥವರ ಹತ್ರ ಯಾರು ಬರ್ತಾರೆ" ಅಂತಿದ್ದ ಓನರ್, ಹಿಂದಿನ ರೋಡಿನ ಯೂನಿಟ್‌ನಲ್ಲಿ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್) ಬಂದು ಫೈಲೆಲ್ಲ ಲಾಕ್ ಆಗಿ ಡಿಸ್ಪ್ಯಾಚ್ ನಿಂತ ಮೇಲೆ ಸ್ವಲ್ಪ ದುಡ್ಡು ಕೊಡುತ್ತೇನೆ ಅಂದಿದ್ದಾರೆ. ಸೇಲ್ಸ್‌ನವನು ದುಬಾರಿ ಫೈರ್‌ವಾಲ್ (ಹೊರಗಿನಿಂದ ನುಗ್ಗುವವರನ್ನು ತಡೆಯುವ ಸಾಧನ) ತೋರಿಸುತ್ತಿದ್ದಾನೆ. ತಗೊಳ್ಳಲಾ?

ಸರ್ವರ್_ಶೆಟ್ಟಿ: ಫೈರ್‌ವಾಲ್ ಆಮೇಲೆ ನೋಡೋಣ ಸರ್. ಆ ಬ್ಯಾಕಪ್ ಬಾಕ್ಸ್ ಸರ್ವರ್‌ನಲ್ಲಿ ಡ್ರೈವ್ ಆಗಿ ಕಾಣುತ್ತಾ? ಎರಡಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡಾ? ಹಾಗಿದ್ದರೆ ಅದು ಬ್ಯಾಕಪ್ ಅಲ್ಲ, ಸರ್ವರ್ ಜೊತೆ ಅದೂ ಲಾಕ್ ಆಗುತ್ತದೆ. ಒಳಗೆ ಬಂದವರು ಮೊದಲು ಹುಡುಕುವುದೇ ಬ್ಯಾಕಪ್ಪನ್ನು. 2017ರಲ್ಲಿ ನಾಟ್‌ಪೆಟ್ಯಾ ಅನ್ನೋ ವೈರಸ್ ಬಂದಾಗ ಮರ್ಸ್ಕ್ ಅನ್ನೋ ದೊಡ್ಡ ಹಡಗು ಕಂಪನಿಯ ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್‌ಗಳಾದ ಡೊಮೈನ್ ಕಂಟ್ರೋಲರ್‌ಗಳೆಲ್ಲ ಅಳಿಸಿಹೋದವು, ಉಳಿದದ್ದು ಘಾನಾದ ಒಂದೇ ಒಂದು, ಅದೂ ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು ಅಂತ! ನೀವು ಕರೆಂಟ್ ಹೋಗಲಿ ಅಂತ ಕಾಯಬೇಡಿ. ಎರಡು ಹಾರ್ಡ್‌ಡಿಸ್ಕ್ ತಗೊಂಡು ವಾರಕ್ಕೊಂದು ಬದಲಿಸಿ, ಒಂದು ಯಾವಾಗಲೂ ಕೇಬಲ್ ಕಿತ್ತು ಬೀರುವಿನಲ್ಲಿರಲಿ. ತಿಂಗಳಿಗೊಮ್ಮೆ ಒಂದು ಡ್ರಾಯಿಂಗ್ ರಿಸ್ಟೋರ್ ಮಾಡಿ, ತೆರೆದು ನೋಡಿ.

ರಾತ್ರಿಪಾಳಿ: +1. ಜೊತೆಗೆ ಕೆಲಸ ಬಿಟ್ಟವರ ಲಾಗಿನ್‌ಗಳನ್ನು ಇವತ್ತೇ ತೆಗೆಯಿರಿ. 2021ರಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್‌ಗೆ ನುಗ್ಗಿದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ವಿಪಿಎನ್ (ಹೊರಗಿನಿಂದ ಕಂಪನಿ ನೆಟ್‌ವರ್ಕ್‌ಗೆ ಬರುವ ದಾರಿ) ಅಕೌಂಟಿನಿಂದ, ಅದಕ್ಕೆ ಓಟಿಪಿ ಇರಲಿಲ್ಲ, ಬರೀ ಪಾಸ್‌ವರ್ಡ್. 75 ಬಿಟ್‌ಕಾಯಿನ್ ಒತ್ತೆಹಣ ಕಟ್ಟಿದರು ಆ ಕಂಪನಿಯವರು. ರೂಟರ್‌ನಲ್ಲಿ 3389 ಪೋರ್ಟ್ (ಹೊರಗಿನಿಂದ ಕಂಪ್ಯೂಟರ್ ನಡೆಸಲು ಬಳಸುವ ಬಾಗಿಲು) ತೆರೆದಿದೆಯಾ ಅಂತಲೂ ನೋಡಿ.

ಲೆಕ್ಕದಮ್ಮ: ನಾನು ಅಕೌಂಟ್ಸ್‌ನವಳು, ನಮ್ಮ ಕಡೆಯಿಂದಲೂ ದುಡ್ಡು ಹೋಗುತ್ತದೆ ಸ್ವಾಮಿ. ಸಪ್ಲೈಯರ್ ಹೆಸರಲ್ಲಿ "ಬ್ಯಾಂಕ್ ಅಕೌಂಟ್ ಬದಲಾಗಿದೆ, ಇದಕ್ಕೇ ಹಾಕಿ" ಅಂತ ಮೇಲ್ ಬಂತು, ಹಳೇ ಇನ್‌ವಾಯ್ಸ್, ಸೀಲು ಸಹಿ ಎಲ್ಲ ಸರಿಯಾಗೇ ಇತ್ತು. ಮೇಲ್ ವಿಳಾಸದಲ್ಲಿ ಮಾತ್ರ 'ಎಂ' ಇರಬೇಕಾದ ಕಡೆ 'ಆರ್', 'ಎನ್' ಎರಡನ್ನೂ ಒತ್ತಿ ಬರೆದಿದ್ದರು, ಫೋನಲ್ಲಿ ನೋಡಿದರೆ ಗೊತ್ತೇ ಆಗಲ್ಲ. ಅಕೌಂಟ್ ನಂಬರ್ ಬದಲಾದರೆ ನಮ್ಮ ಹಳೇ ಪಿಓದಲ್ಲಿ (ಖರೀದಿ ಆರ್ಡರ್‌ನಲ್ಲಿ) ಇರುವ ನಂಬರಿಗೆ ಫೋನ್ ಮಾಡಿ ಕೇಳುತ್ತೇವೆ, ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ದುಡ್ಡು ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮತ್ತೆ ಬ್ಯಾಂಕಿಗೆ ಫೋನ್ ಮಾಡಿ, ತಡವಾದಷ್ಟೂ ವಾಪಸ್ ಸಿಗೋದು ಕಷ್ಟ.

ಸರ್ವರ್_ಶೆಟ್ಟಿ: ಒಳ್ಳೇದು ಹೇಳಿದ್ರಿ ಮೇಡಂ. ಇನ್ನೊಂದು, ರ‍್ಯಾನ್ಸಮ್‌ವೇರ್ ಬಂದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, 2022ರಿಂದ ಇದೇ ನಿಯಮ. ಲಾಗ್‌ಗಳನ್ನೂ (ಸಿಸ್ಟಮ್‌ನಲ್ಲಿ ಯಾರು ಯಾವಾಗ ಏನು ಮಾಡಿದರು ಅನ್ನೋ ದಾಖಲೆ) 180 ದಿನ ಇಟ್ಟಿರಬೇಕು.

ಪೀಣ್ಯ_ಐಟಿ: 3389 ತೆರೆದೇ ಇದೆ, ಸಾಫ್ಟ್‌ವೇರ್ ಸಪೋರ್ಟ್‌ನವರು ಇಟ್ಟುಕೊಂಡಿದ್ದಂತೆ. ಮುಚ್ಚಿದೆ. ಸಿಎನ್‌ಸಿ ಮೆಷಿನ್ನಿನ ಪಿಸಿ ಮಾತ್ರ ಹಳೇ ವಿಂಡೋಸ್ 7, ಮುಟ್ಟಬೇಡಿ ಅಂತಾರೆ ಮೆಷಿನ್‌ನವರು.

ರಾತ್ರಿಪಾಳಿ: ಮುಟ್ಟಬೇಡಿ, ಬೇರೆ ಮಾಡಿ. ಅದಕ್ಕೆ ಬೇರೆ ವಿಲ್ಯಾನ್ (ಉಳಿದದ್ದರಿಂದ ಬೇರ್ಪಡಿಸಿದ ನೆಟ್‌ವರ್ಕ್ ಭಾಗ), ಇಂಟರ್‌ನೆಟ್ ಬೇಡ, ಡ್ರಾಯಿಂಗ್ ಇರೋ ಒಂದು ಫೋಲ್ಡರ್ ಮಾತ್ರ ಓದಲು ಬಿಡಿ. ಸಪೋರ್ಟ್‌ನವರಿಗೆ ಓಟಿಪಿ ಇರುವ ವಿಪಿಎನ್ ಕೊಡಿ, ಅವರು ಫೋನ್ ಮಾಡಿ ಕೇಳಿದಾಗ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್.