ಟ್ಯಾಪ್ ಯಾವಾಗ ಮಾಡಬೇಕು? ಸ್ಪೋರ್ಟ್ಸ್ ಡಾಕ್ಟರ್ ಜೊತೆ ಪ್ರಶ್ನೋತ್ತರ

ಡಾಕ್ಟರ್: ಇವತ್ತು ಎಂಎಂಎ (ಹೊಡೆತ, ಹಿಡಿತ ಎರಡೂ ಇರುವ ಮಿಶ್ರ ಕಾಳಗ), ಜಿಯು-ಜಿತ್ಸು (ಕೀಲು, ಕುತ್ತಿಗೆ ಹಿಡಿದು ಸೋಲಿಸುವ ಕಾಳಗ) ಕಲಿಯುವವರಿಗೆ. ಸಬ್ಮಿಷನ್ ಹಿಡಿತದಿಂದ, ಅಂದರೆ ಎದುರಾಳಿ ಟ್ಯಾಪ್ ಮಾಡಿ (ಕೈ ತಟ್ಟಿ) ಸೋಲೊಪ್ಪುವಂತೆ ಮಾಡುವ ಹಿಡಿತದಿಂದ, ಆಗುವ ಗಾಯಗಳ ಬಗ್ಗೆ ಮಾತ್ರ ಕೇಳಿ.

ಬಸವನಗುಡಿ ಹುಡುಗ: ಮೇಡಂ, ಆರ್ಮ್ ಬಾರ್‌ನಲ್ಲಿ (ತೋಳು ಚಾಚಿಸಿ ಮೊಣಕೈಯನ್ನು ಹಿಂದಕ್ಕೆ ಬಗ್ಗಿಸುವ ಹಿಡಿತ) ಮೊಣಕೈ ‘ಟಕ್’ ಅಂತು. ಊದಿಕೊಂಡಿದೆ. ಐಸ್ ಇಡಲಾ, ಬಿಸಿ ಕೊಡಲಾ?

ಡಾಕ್ಟರ್: ಎರಡು ದಿನ ಐಸ್. ಬಟ್ಟೆಯಲ್ಲಿ ಸುತ್ತಿ, ಸಲಕ್ಕೆ 15-20 ನಿಮಿಷ. ಬಿಸಿ ಬೇಡ, ನೀವೋದು ಬೇಡ. ಕೈ ಪೂರ್ತಿ ಚಾಚೋಕೆ ಆಗದಿದ್ದರೆ ಅಥವಾ ಕಿರುಬೆರಳು ಜುಮ್ ಅನ್ನುತ್ತಿದ್ದರೆ ನಾಳೆಯೇ ತೋರಿಸಿ, ಎಕ್ಸ್‌ರೇ ಬೇಕು.

ಮಂಗಳೂರು ಮ್ಯಾಟ್: ಹೀಲ್ ಹುಕ್‌ನಲ್ಲಿ ನೋವೇ ಆಗಲಿಲ್ಲ, ಅದಕ್ಕೇ ಟ್ಯಾಪ್ ಮಾಡಲಿಲ್ಲ. ಈಗ ಮೆಟ್ಟಿಲು ಇಳಿಯುವಾಗ ಮೊಣಕಾಲು ಕೈಕೊಡುತ್ತೆ.

ಡಾಕ್ಟರ್: ಇದನ್ನು ಎಲ್ಲರೂ ಓದಿ. ಹೀಲ್ ಹುಕ್‌ನಲ್ಲಿ ಹಿಡಿಯೋದು ಹಿಮ್ಮಡಿ, ಹರಿಯೋದು ಮೊಣಕಾಲು. ಮೊಣಕಾಲು ಮಡಚೋಕೆ, ಚಾಚೋಕೆ ಇರುವ ಕೀಲು. ತೊಡೆಯನ್ನು ಅಲ್ಲಾಡದಂತೆ ಹಿಡಿದು ಪಾದ ತಿರುಚಿದರೆ ಆ ತಿರುಚು ಪೂರ್ತಿ ಒಳಗಿನ ಲಿಗಮೆಂಟ್‌ಗಳ (ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿಗಳು) ಮೇಲೆ ಬೀಳುತ್ತೆ. ಎಷ್ಟೋ ಸಲ ನೋವು ಗೊತ್ತಾಗುವ ಹೊತ್ತಿಗೆ ಎಸಿಎಲ್ ಅನ್ನೋ ಮುಖ್ಯ ಲಿಗಮೆಂಟ್ ಹೋಗಿರುತ್ತೆ. ಹಾಗಾಗಿ ನೋವಿಗೆ ಕಾಯಬೇಡಿ. ಹಿಮ್ಮಡಿ ಸಿಕ್ಕಿಬಿದ್ದು ಬಿಡಿಸಿಕೊಳ್ಳೋ ದಾರಿ ಕಾಣದಿದ್ದರೆ ತಕ್ಷಣ ಟ್ಯಾಪ್ ಮಾಡಿ. ಜಿಯು-ಜಿತ್ಸು ಪಂದ್ಯ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್ ಕೂಡ 2021ರಿಂದ ಹೀಲ್ ಹುಕ್‌ಗೆ ಒಪ್ಪಿಗೆ ಕೊಟ್ಟಿರೋದು ಗೀ (ದಪ್ಪ ಅಂಗಿಯ ಉಡುಪು) ಇಲ್ಲದ ಪಂದ್ಯದಲ್ಲಿ, ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟ್ ವಯಸ್ಕರಿಗೆ ಮಾತ್ರ. ಮಂಗಳೂರು, ನಿಮಗೆ ಎಂಆರ್‌ಐ ಬೇಕು. ಅಲ್ಲಿಯವರೆಗೆ ಮ್ಯಾಟ್ ಹತ್ತಬೇಡಿ.

ಧಾರವಾಡ ಪೈಲ್ವಾನ: ಬೇಗ ಟ್ಯಾಪ್ ಮಾಡೋದು ಹೇಡಿತನ ಅಲ್ಲೇನ್ರಿ? 1951ರಲ್ಲಿ ಬ್ರೆಜಿಲ್‌ನ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ಪಟು ಕಿಮುರಾ ಹಿಡಿತದಲ್ಲಿ ಕೈ ಮುರಿದರೂ ಜಿಯು-ಜಿತ್ಸು ಪಟು ಹೆಲಿಯೊ ಗ್ರೇಸಿ ಟ್ಯಾಪ್ ಮಾಡಲಿಲ್ಲ.

ಜಯನಗರ ಗೀ: ಅವರ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರಲ್ಲ, ಅದನ್ನೂ ಹೇಳಿ.

ಧಾರವಾಡ ಪೈಲ್ವಾನ: ಎಸೆದವರು ಬೇರೆಯವರು. ಹೆಲಿಯೊ ಸೋಲು ಒಪ್ಪಲಿಲ್ಲ.

ಶಿವಮೊಗ್ಗ: ಬಿಸಿ ಶಾಖ ಕೊಡಬಹುದಾ ಮೇಡಂ, ಮೊಣಕೈಗೆ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ತುಮಕೂರು ಅಕ್ಕ: ಮೇಡಂ, ಮೊನ್ನೆ ನಮ್ಮ ತಮ್ಮನಿಗೆ ಪ್ರಾಕ್ಟೀಸ್‌ನಲ್ಲಿ ಹಿಂದಿನಿಂದ ಕುತ್ತಿಗೆ ಒತ್ತಿ ಚೋಕ್ ಹಾಕಿದ್ರಂತೆ. ಟ್ಯಾಪ್ ಮಾಡದೆ ಕೊಸರಾಡಿದ್ದಾನೆ. ನಿನ್ನೆಯಿಂದ ಎಡಗಡೆ ಕುತ್ತಿಗೆ ನೋವು, ತಲೆನೋವೂ ಎಡಕ್ಕೇ. ಇವತ್ತು ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿದೆ. ನಿದ್ದೆ ಸಾಲದ್ದಕ್ಕೆ ಅನ್ಕೊಂಡ್ವಿ.

ಗೆಳೆಯರ ಬಳಗ: ಬಂದಿದ್ದನ್ನ ಹಾಗೇ ಹಾಕ್ತಿದ್ದೀನಿ. ಎಳ್ಳೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ಕುತ್ತಿಗೆ ಗಟ್ಟಿಯಾಗಿ ನೀವಿ, ಮೂರೇ ದಿನ. ಇಲ್ಲಾಂದ್ರೆ ಕಟಿಂಗ್ ಶಾಪ್‌ನಲ್ಲಿ ನೆಟಿಗೆ ತೆಗೆಸಿ.

ಡಾಕ್ಟರ್: ಅಕ್ಕಾ, ಎಣ್ಣೆ ಮುಟ್ಟಬೇಡಿ. ಕುತ್ತಿಗೆಗೆ ಯಾರ ಕೈಯೂ ಬೇಡ. ಕುತ್ತಿಗೆಯ ಎರಡೂ ಕಡೆ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಇದೆ. ಚೋಕ್ ಒತ್ತೋದು ಅದನ್ನೇ. ಅದಕ್ಕೇ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪೋದು. ಬಿಟ್ಟ ಮೇಲೆ ಬಹುತೇಕರು ಸರಿಹೋಗ್ತಾರೆ. ಆದರೆ ಕೆಲವೊಮ್ಮೆ ಆ ನಾಳದ ಒಳಪದರ ಸೀಳುತ್ತೆ. ಸೀಳಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಗಂಟೆಗಳಾದ ಮೇಲೂ ಆಗಬಹುದು, ದಿನಗಳಾದ ಮೇಲೂ ಆಗಬಹುದು. ವಯಸ್ಸು ಚಿಕ್ಕದು ಅಂತ ಬಿಡಲ್ಲ.

ರೂಮಿನ ಬೆಳಕು ಕಮ್ಮಿ ಮಾಡಿ ಎರಡೂ ಕಣ್ಣಿನ ಪಾಪೆ ನೋಡಿ. ಎಡದ್ದು ಚಿಕ್ಕದಿದೆಯಾ? ರೆಪ್ಪೆ ಇಳಿದು ಪಾಪೆ ಚಿಕ್ಕದಾಗೋದು ಆ ಸೀಳಿನ ಸೂಚನೆ ಇರಬಹುದು. ಇದ್ದರೂ ಇಲ್ಲದಿದ್ದರೂ ಈಗಲೇ ಎಮರ್ಜೆನ್ಸಿಗೆ ಹೊರಡಿ, ಬೆಳಗಾಗಲಿ ಅನ್ನಬೇಡಿ. ಅವನು ಬೈಕ್ ಓಡಿಸಬಾರದು. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಯಲ್ಲಿ ಬಲ ಕಮ್ಮಿಯಾದರೆ 108.

ಬಳಗದವರೇ, ಆ ಫಾರ್ವರ್ಡ್ ಅಳಿಸಿ. ಸೀಳಿದ ನಾಳದ ಮೇಲೆ ನೆಟಿಗೆ ತೆಗೆದರೆ ಹುಡುಗನ ಜೀವಕ್ಕೇ ಬರುತ್ತೆ.

ಗೆಳೆಯರ ಬಳಗ: ಒಳ್ಳೇದಕ್ಕೆ ಹಾಕಿದ್ದು. ನಮ್ಮ ತಾತನ ಕಾಲದಿಂದ ಮಾಡ್ತಿದ್ದೀವಿ.

ಡಾಕ್ಟರ್: ಅಳಿಸಿ.

ಜಯನಗರ ಗೀ: ಪೈಲ್ವಾನರೇ, ಈಗ ಹೇಳಿ ಹೇಡಿತನದ ಮಾತು.

ಧಾರವಾಡ ಪೈಲ್ವಾನ: ತಪ್ಪು ಬಿಡದೇ ಇದ್ದವನದು. 2013ರಲ್ಲಿ ಎದುರಾಳಿ ಟ್ಯಾಪ್ ಮಾಡಿದ ಮೇಲೂ ಹೀಲ್ ಹುಕ್ ಬಿಡಲಿಲ್ಲ ಅಂತ ಪಾಲ್ಹಾರೆಸ್ ಅನ್ನೋ ಫೈಟರ್‌ನನ್ನ ಎಂಎಂಎ ಪಂದ್ಯ ನಡೆಸುವ ಕಂಪನಿ ಯುಎಫ್‌ಸಿ ಹೊರಗೆ ಹಾಕಿತು.

ಜಯನಗರ ಗೀ: ಈ ಹುಡುಗ ಟ್ಯಾಪ್ ಮಾಡೇ ಇಲ್ಲ, ಓದೋಕೆ ಬರಲ್ವಾ? 2004ರಲ್ಲಿ ಯುಎಫ್‌ಸಿ ಫೈಟರ್ ಟಿಮ್ ಸಿಲ್ವಿಯಾ ತನ್ನದೇ ಕೈ ಮುರಿದ ಮೇಲೂ ಆಡ್ತೀನಿ ಅಂತ ವಾದ ಮಾಡಿದ. ರೆಫ್ರಿ ಹರ್ಬ್ ಡೀನ್ ಕಣ್ಣಿಗೆ ಬಿದ್ದಿದ್ದಕ್ಕೆ ಅಲ್ಲಿಗೇ ನಿಂತಿತು. ನಿಮ್ಮ ಜಿಮ್‌ನಲ್ಲಿ ಯಾರಿದ್ದಾರೆ ನೋಡೋಕೆ?

ಧಾರವಾಡ ಪೈಲ್ವಾನ: ನಾಲಿಗೆ ಮ್ಯಾಲೆ ಹಿಡಿತ ಇರಲಿ.

ಹಾಸನ: ಮಗನಿಗೆ 12 ವರ್ಷ. ಚೋಕ್ ಕಲಿಸಬಹುದಾ?

ಮಂಡ್ಯ: ಕಿವಿ ಊದಿದೆ. ನಾನೇ ಸೂಜಿ ಚುಚ್ಚಿ ತೆಗೀಲಾ?

ಡಾಕ್ಟರ್: ಮಂಡ್ಯ, ಬೇಡ. ಇಎನ್‌ಟಿ ಹತ್ರ ಹೋಗಿ. ಜಗಳ ಆಡೋರಿಬ್ಬರೂ ಹೊರಗೆ ಆಡ್ಕೊಳ್ಳಿ, ಅಕ್ಕನ ಮೆಸೇಜ್ ಮೇಲೆ ಹೋಗ್ತಿದೆ.

ಶಿವಮೊಗ್ಗ: ಐಸ್ ಆದ ಮೇಲಾದ್ರೂ ಬಿಸಿ?

ತುಮಕೂರು ಅಕ್ಕ: ಎಡಗಣ್ಣಿನ ಪಾಪೆ ಚಿಕ್ಕದೇ ಇದೆ ಮೇಡಂ. ಆಸ್ಪತ್ರೆಗೆ ಬಂದ್ವಿ. ಕುತ್ತಿಗೆ ಉಳುಕು ಅಂತ ಮಾತ್ರೆ ಬರೆದು ಮನೆಗೆ ಹೋಗಿ ಅಂತಿದ್ದಾರೆ.

ಡಾಕ್ಟರ್: ಹೋಗಬೇಡಿ. ‘ಕುತ್ತಿಗೆ ನೋವು’ ಅಂತಷ್ಟೇ ಹೇಳಿರ್ತೀರಿ. ‘ಚೋಕ್ ಹಾಕಿದ್ರು, ಆಮೇಲೆ ರೆಪ್ಪೆ ಇಳಿದಿದೆ, ಪಾಪೆ ಚಿಕ್ಕದಾಗಿದೆ’ ಅಂತ ಇದೇ ಮಾತಲ್ಲಿ ಹೇಳಿ, ಕುತ್ತಿಗೆಯ ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸ್ಕ್ಯಾನ್) ಕೇಳಿ. ನಿಮಗೆ ಫೋನ್ ಮಾಡ್ತಿದ್ದೀನಿ, ಎತ್ತಿ ಡ್ಯೂಟಿ ಡಾಕ್ಟರ್ ಕೈಗೆ ಕೊಡಿ.